ಸರ್ವರ್ ಓಗೊಟ್ಟರೆ ಸಾಕೆ?

ಡೈರೆಕ್ಟರಿ ಸರ್ವರ್ ಇನ್‌ಸ್ಟಾಲ್ ಮಾಡುವುದು ಈಗ ಸಾಹಸವಲ್ಲ. ಡೆಬಿಯನ್ ಅಥವಾ ಉಬುಂಟುವಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟು, ಕೇಳಿದಾಗ ಪಾಸ್‌ವರ್ಡನ್ನು ಎರಡು ಸಲ ಟೈಪ್ ಮಾಡಿದರೆ ಓಪನ್‌ಎಲ್‌ಡ್ಯಾಪ್ ಇಳಿದು, ತಾನೇ ಚಾಲೂ ಆಗಿ ಕೂತಿರುತ್ತದೆ. ವಿಂಡೋಸ್ ಸರ್ವರಿನಲ್ಲಿ ಆಕ್ಟಿವ್ ಡೈರೆಕ್ಟರಿಯನ್ನು ಕೆಲವು ಕ್ಲಿಕ್ಕುಗಳಲ್ಲಿ ಎಬ್ಬಿಸಿ ನಿಲ್ಲಿಸಬಹುದು. ತಲೆನೋವು ಶುರುವಾಗುವುದು ಅದಾದ ಮೇಲಿನ ಪ್ರಶ್ನೆಯಿಂದ: ಇದು ನಿಜಕ್ಕೂ ಕೆಲಸ ಮಾಡುತ್ತಿದೆಯೇ?

ವೆಬ್ ಸರ್ವರಾದರೆ ಬ್ರೌಸರ್ ತೆರೆದು ಪುಟ ಬಂತೇ ಎಂದು ನೋಡಿದರಾಯಿತು. ಡೈರೆಕ್ಟರಿಯನ್ನು ನೇರವಾಗಿ ನೋಡುವ ಬಳಕೆದಾರನೇ ಇಲ್ಲ. ಕಾಲೇಜಿನ ವೈಫೈ, ಕಚೇರಿಯ ಮೇಲ್, ಲ್ಯಾಬಿನ ಕಂಪ್ಯೂಟರುಗಳು, ಗ್ರಂಥಾಲಯದ ತಂತ್ರಾಂಶ, ಇವೆಲ್ಲ ಅದರ ಹತ್ತಿರ ಹೋಗಿ ಕೇಳುತ್ತವೆ: ಈ ಹೆಸರಿನವರು ಇದ್ದಾರೆಯೇ, ಕೊಟ್ಟ ಪಾಸ್‌ವರ್ಡ್ ಸರಿಯೇ, ಇವರು ಯಾವ ಗುಂಪಿನವರು. ಡೈರೆಕ್ಟರಿ ತಪ್ಪು ಹೇಳಿದರೂ ಜನರಿಂದ ಬೈಸಿಕೊಳ್ಳುವುದು ವೈಫೈ. ಹಾಗಾಗಿ ಪರೀಕ್ಷೆಯ ಪದ್ಧತಿಗಳು ಹಲವು ಬೆಳೆದಿವೆ, ಮತ್ತು ಎಲ್ಲವೂ ಒಂದೇ ತೂಕದವಲ್ಲ. ಅತಿ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಗಳೇ ಅತಿ ಕಡಿಮೆ ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ. ಅವು ತಪ್ಪು ಜಾಗದಲ್ಲಿ ನಿಂತು, ತಪ್ಪು ವ್ಯಕ್ತಿಯ ಹೆಸರಿನಲ್ಲಿ, 'ಹೌದು' ಎಂಬ ಉತ್ತರವನ್ನಷ್ಟೇ ನಿರೀಕ್ಷಿಸಿ ಕೇಳುವ ಪ್ರಶ್ನೆಗಳು.

ಮೊದಲ ಹಂತ ಎಲ್ಲರಿಗೂ ಗೊತ್ತಿರುವಂಥದ್ದು. ಓಪನ್‌ಎಲ್‌ಡ್ಯಾಪಿನ ಸ್ಲ್ಯಾಪ್‌ಡಿ ಎಂಬ ಪ್ರೋಗ್ರಾಂ ಓಡುತ್ತಿದೆಯೇ, 389ನೇ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿದೆಯೇ ಎಂದು ನೋಡುವುದು. ಸಿಸ್ಟಮ್‌ಸಿಟಿಎಲ್ ಆದೇಶ ಹಸಿರು ಅಕ್ಷರದಲ್ಲಿ 'ಆಕ್ಟಿವ್' ಎಂದು ತೋರಿಸಿದರೆ ಪ್ರೋಗ್ರಾಂ ಸತ್ತಿಲ್ಲ ಎಂದಷ್ಟೇ ಅರ್ಥ. ಅದು 127.0.0.1 ಎಂಬ ಒಳಗಿನ ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿದ್ದರೆ ಪಕ್ಕದ ಕಂಪ್ಯೂಟರಿನ ಮಟ್ಟಿಗೆ ಇಲ್ಲವೆಂದೇ ಲೆಕ್ಕ. ಫೈರ್‌ವಾಲ್ ತೆರೆಯದಿದ್ದರೂ ಅಷ್ಟೇ. ಆದ್ದರಿಂದ ಈ ಹಂತದಿಂದಲೇ ಪರೀಕ್ಷೆಯನ್ನು ಬೇರೆ ಯಂತ್ರದಿಂದ ಮಾಡುವ ರೂಢಿ ಇಟ್ಟುಕೊಳ್ಳಬೇಕು.

ಎರಡನೆಯದು ಓಪನ್‌ಎಲ್‌ಡ್ಯಾಪ್ ಕೈಪಿಡಿಯೇ ಹೇಳಿಕೊಡುವ ಪರೀಕ್ಷೆ. ಎಲ್‌ಡ್ಯಾಪ್‌ಸರ್ಚ್ ಎಂಬ ಆದೇಶಕ್ಕೆ ಖಾಲಿ ಹೆಸರು ಕೊಟ್ಟು, ಹುಡುಕಾಟದ ವ್ಯಾಪ್ತಿಯನ್ನು 'ಬೇಸ್' ಎಂದಿಟ್ಟು, 'ನೇಮಿಂಗ್ ಕಾಂಟೆಕ್ಸ್ಟ್ಸ್' ಎಂಬ ಗುಣವನ್ನು ಕೇಳುವುದು. ಸರ್ವರ್ ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ಬೇರಿನ ನಮೂದು ಇದು. ತಾನು ನಮೂದುಗಳ ಯಾವ ಮರವನ್ನು ಕಾಯುತ್ತಿದ್ದೇನೆ ಎಂದು ಇಲ್ಲಿ ಹೇಳುತ್ತದೆ. ಪಾಸ್‌ವರ್ಡ್ ಬೇಕಿಲ್ಲ. ಡೈರೆಕ್ಟರಿ ಹುಟ್ಟಿದ ಕಾಲದ ಗುರುತು ಈ ಮುಕ್ತತೆಯಲ್ಲಿ ಉಳಿದಿದೆ. ದೂರವಾಣಿ ಜಗತ್ತಿನ ಮಾನಕ ಸಂಸ್ಥೆಗಳು 1988ರಲ್ಲಿ ಎಕ್ಸ್.500 ಎಂಬ ಹೆಸರಿನಲ್ಲಿ ರೂಪಿಸಿದ್ದು ವಿಶ್ವಕ್ಕೆಲ್ಲ ಒಂದೇ ವಿಳಾಸಪುಸ್ತಕದಂಥ ವ್ಯವಸ್ಥೆಯನ್ನು. ಅಂದಿನ ಪುಟ್ಟ ಕಂಪ್ಯೂಟರುಗಳಿಗೆ ಅದು ಹೊರಲಾರದ ಭಾರವಾಗಿತ್ತು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಟಿಮ್ ಹೋವ್ಸ್, ಜೊತೆಗೆ ಸ್ಟೀವ್ ಕಿಲ್ಲೆ ಮತ್ತು ವೆಂಗ್ಯಿಕ್ ಯೋಂಗ್ ಸೇರಿ ಅದನ್ನು ಹಗುರಾಗಿಸಿದ ಎಲ್‌ಡ್ಯಾಪ್ ಎಂಬ ನಿಯಮಾವಳಿ 1993ರಲ್ಲಿ ಹೊರಬಂತು. ಈಗ ನಾವು ಬಳಸುವ ಮೂರನೇ ಆವೃತ್ತಿ 1997ರದು, 2006ರಲ್ಲಿ ಪರಿಷ್ಕೃತವಾದದ್ದು. ಯಾರು ಬೇಕಾದರೂ ಬಂದು ಓದಲಿ, ತಿದ್ದುವವರು ಮಾತ್ರ ಗುರುತು ಹೇಳಲಿ ಎಂಬುದು ಮೂಲ ಸ್ವಭಾವ. ಬಳಕೆದಾರರ ವಿವರವನ್ನೇ ಬಚ್ಚಿಡಬೇಕಾದ ಇವತ್ತಿನ ಕಾಲಕ್ಕೆ ಆ ಸ್ವಭಾವ ಹೊಂದುವುದಿಲ್ಲ. ಮುಂದಿನ ಅನೇಕ ತೊಡಕುಗಳ ಬೇರು ಅದರಲ್ಲಿದೆ.

ಬೇರಿನ ನಮೂದು ಕೇಳಿದಾಗ ಬರುವ ಉತ್ತರವನ್ನು ಓದದೆ ಸಂತೋಷಪಡುವವರೇ ಹೆಚ್ಚು. ಡೆಬಿಯನ್ನಿನಲ್ಲಿ ಯಂತ್ರಕ್ಕೆ ಡೊಮೇನ್ ಹೆಸರು ಇಟ್ಟಿರದಿದ್ದರೆ ಇನ್‌ಸ್ಟಾಲರ್ 'ನೋಡೊಮೇನ್' ಎಂಬ ಹೆಸರಿನಲ್ಲೇ ಮರ ನೆಟ್ಟುಬಿಡುತ್ತದೆ. ಪರೀಕ್ಷೆ ಪಾಸಾಗುತ್ತದೆ, ಉತ್ತರದ ಕೊನೆಯಲ್ಲಿ 'ಸಕ್ಸೆಸ್' ಎಂದೂ ಇರುತ್ತದೆ. ನಿಮ್ಮ ಸಂಸ್ಥೆಯ ಹೆಸರಿನ ಮರ ಮಾತ್ರ ಅಲ್ಲಿಲ್ಲ.

ಇಲ್ಲಿ ಸಂಖ್ಯೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಡೈರೆಕ್ಟರಿ ಮನಸ್ಸು ಬಿಚ್ಚುವುದು ಸಂಖ್ಯೆಗಳಲ್ಲಿ. 0 ಎಂದರೆ ಕೆಲಸವಾಯಿತು. 32 ಎಂದರೆ ಅಂಥ ನಮೂದು ಇಲ್ಲ. 49 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಎರಡರಲ್ಲಿ ಯಾವುದು ಎಂದು ಓಪನ್‌ಎಲ್‌ಡ್ಯಾಪ್ ಬೇಕೆಂದೇ ಹೇಳುವುದಿಲ್ಲ, ಹೇಳಿದರೆ ಕಳ್ಳನಿಗೆ ಹೆಸರುಗಳ ಪಟ್ಟಿ ಮಾಡಿಕೊಟ್ಟಂತಾಗುತ್ತದೆ. ಆಕ್ಟಿವ್ ಡೈರೆಕ್ಟರಿ 49ರ ಜೊತೆಗೆ ಒಂದು ಉಪಸಂಖ್ಯೆ ಕೊಡುತ್ತದೆ: 52ಇ ಆದರೆ ಪಾಸ್‌ವರ್ಡ್ ತಪ್ಪು, 532 ಆದರೆ ಪಾಸ್‌ವರ್ಡಿನ ಅವಧಿ ಮುಗಿದಿದೆ, 775 ಆದರೆ ಖಾತೆಗೆ ಬೀಗ ಬಿದ್ದಿದೆ. 50 ಎಂದರೆ ಅನುಮತಿ ಸಾಲದು. ಇವೆಲ್ಲ ಸರ್ವರ್ ಬದುಕಿದ್ದು ಕೊಡುವ ಉತ್ತರಗಳು, ಹಾಗಾಗಿ ಬಂದಾಗ ಗಾಬರಿ ಬೇಡ. ಮೋಸ ಮಾಡುವುದು ಸಂಪರ್ಕವೇ ಸಿಗುತ್ತಿಲ್ಲ ಎನ್ನುವ ಮೈನಸ್ 1. ಸರ್ವರ್ ಸತ್ತಿದ್ದರೂ ಅದೇ, ಹೆಸರು ತಪ್ಪಿದ್ದರೂ ಅದೇ, ಫೈರ್‌ವಾಲ್ ತಡೆದರೂ ಅದೇ, ಗೂಢಲಿಪಿಯ ಸಂಪರ್ಕದಲ್ಲಿ ಸರ್ಟಿಫಿಕೇಟ್ ಹೊಂದದಿದ್ದರೂ ಅದೇ. ಸರ್ಟಿಫಿಕೇಟಿನ ದೋಷವನ್ನು ಕೇಬಲ್ಲಿನಲ್ಲಿ ಹುಡುಕುತ್ತ ಸಂಜೆ ಕಳೆಯುವವರು ಪ್ರತಿ ಊರಲ್ಲೂ ಇದ್ದಾರೆ.

0 ಬಂದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಹುಡುಕಾಟ ಯಶಸ್ವಿ, ಸಿಕ್ಕ ನಮೂದುಗಳು ಸೊನ್ನೆ ಎಂಬ ಉತ್ತರ ನಿಯಮಕ್ಕೆ ವಿರುದ್ಧವೇನಲ್ಲ. ನಮೂದು ಇಲ್ಲದಿರಬಹುದು, ಇದ್ದೂ ನಿಮಗೆ ಕಾಣುವ ಅನುಮತಿ ಇಲ್ಲದಿರಬಹುದು. 32 ಕೂಡ ಹಾಗೆಯೇ: ನಮೂದಿನ ಇರವನ್ನೇ ತೋರಗೊಡದಂತೆ ಅನುಮತಿ ಬರೆದಿದ್ದರೆ ಓಪನ್‌ಎಲ್‌ಡ್ಯಾಪ್ ಇರುವುದನ್ನೂ ಇಲ್ಲ ಎನ್ನುತ್ತದೆ.

ಇನ್ನು ಎಲ್ಲಕ್ಕಿಂತ ಅಪಾಯದ ವಿಷಯ, ಖಾಲಿ ಪಾಸ್‌ವರ್ಡ್. ಎಲ್‌ಡ್ಯಾಪಿನಲ್ಲಿ ಗುರುತು ಹೇಳಿಕೊಳ್ಳುವ ಕ್ರಿಯೆಗೆ 'ಬೈಂಡ್' ಎನ್ನುತ್ತಾರೆ. ಹೆಸರು, ಪಾಸ್‌ವರ್ಡ್ ಎರಡೂ ಖಾಲಿ ಇದ್ದರೆ ಅನಾಮಿಕ ಬೈಂಡ್. ಹೆಸರು ಇದ್ದು ಪಾಸ್‌ವರ್ಡ್ ಮಾತ್ರ ಖಾಲಿ ಇದ್ದರೆ? ಸಾಮಾನ್ಯ ಬುದ್ಧಿ ಹೇಳುವಂತೆ ಅದು ತಿರಸ್ಕಾರವಾಗಬೇಕು. ಆದರೆ ನಿಯಮಾವಳಿಯ ಪ್ರಕಾರ ಅದೂ ಅನಾಮಿಕವೇ; ಹೆಸರನ್ನು ಲಾಗಿನಲ್ಲಿ ಬರೆದುಕೊಳ್ಳುವುದಕ್ಕಷ್ಟೇ ಉಪಯೋಗ. ಅದನ್ನು ಒಪ್ಪುವ ಸರ್ವರ್ 0 ಎಂದು ಉತ್ತರಿಸುತ್ತದೆ. ಈಗ ಲಾಗಿನ್ ಪುಟವೊಂದನ್ನು ಊಹಿಸಿ. ಅದು ಬಳಕೆದಾರ ಕೊಟ್ಟ ಹೆಸರು, ಪಾಸ್‌ವರ್ಡನ್ನು ಹಾಗೇ ಡೈರೆಕ್ಟರಿಗೆ ದಾಟಿಸಿ, 0 ಬಂದರೆ ಒಳಗೆ ಬಿಡುತ್ತದೆ. ಪ್ರಾಂಶುಪಾಲರ ಹೆಸರು ಟೈಪ್ ಮಾಡಿ ಪಾಸ್‌ವರ್ಡ್ ಬಿಟ್ಟು ಎಂಟರ್ ಒತ್ತಿದವನು ಪ್ರಾಂಶುಪಾಲನಾಗಿ ಒಳಗೆ ಹೋಗುತ್ತಾನೆ. ಸರ್ವರ್ ಸುಳ್ಳು ಹೇಳಲಿಲ್ಲ. ಲಾಗಿನ್ ಪುಟ ಉತ್ತರವನ್ನು ತಪ್ಪು ಓದಿತು.

2006ರ ಪರಿಷ್ಕರಣೆ ಇದನ್ನು ಗಮನಿಸಿ, ಸರ್ವರುಗಳು ಇಂಥ ಬೈಂಡನ್ನು ಮೊದಲಿನಿಂದಲೇ 53 ಎಂಬ ಸಂಖ್ಯೆಯೊಂದಿಗೆ, ಅಂದರೆ 'ಒಲ್ಲೆ' ಎಂದು, ತಿರುಗಿಸಿ ಕಳಿಸಬೇಕೆಂದು ಹೇಳಿತು. ಅಪ್ಲಿಕೇಶನ್‌ಗಳೂ ಖಾಲಿ ಪಾಸ್‌ವರ್ಡನ್ನು ಬಾಗಿಲಲ್ಲೇ ತಡೆಯಬೇಕೆಂದಿತು. ಓಪನ್‌ಎಲ್‌ಡ್ಯಾಪ್ ಇದನ್ನು ಪಾಲಿಸುತ್ತದೆ, ನೀವಾಗಿಯೇ ಸಡಿಲಿಸದ ಹೊರತು. ಆಕ್ಟಿವ್ ಡೈರೆಕ್ಟರಿ ಹಳೆಯ ರೂಢಿಯನ್ನೇ ಹಿಡಿದಿತ್ತು. ನಿರ್ವಾಹಕರು ಇಂಥ ಬೈಂಡನ್ನು ನಿಲ್ಲಿಸಲು ಆಯ್ಕೆ ಬಂದದ್ದು 2019ರ ವಿಂಡೋಸ್ ಸರ್ವರಿನಲ್ಲಿ. ಹೊಸ ಸರ್ವರಿನ ಪರೀಕ್ಷೆಯಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟು 0 ಬಂತೇ ಎಂದು ಎಲ್ಲರೂ ನೋಡುತ್ತಾರೆ. ತಪ್ಪು ಪಾಸ್‌ವರ್ಡ್ ಕೊಟ್ಟು 49 ಬಂತೇ ಎಂದು ಕೆಲವರು ನೋಡುತ್ತಾರೆ. ಖಾಲಿ ಪಾಸ್‌ವರ್ಡ್ ಕೊಟ್ಟು ನೋಡುವವರು ಅಪರೂಪ. ನನ್ನನ್ನು ಕೇಳಿದರೆ ಈ ಮೂರನ್ನೂ ಒಟ್ಟಿಗೆ ಮಾಡದ ಪರೀಕ್ಷೆಗೆ ಪರೀಕ್ಷೆ ಎನ್ನಬಾರದು.

ಅನುಮತಿಗಳ ವಿಷಯದಲ್ಲಿ ಇದಕ್ಕೆ ಅಣ್ಣನಂಥ ತಪ್ಪೊಂದಿದೆ. ಓಪನ್‌ಎಲ್‌ಡ್ಯಾಪಿನಲ್ಲಿ 'ರೂಟ್‌ಡಿಎನ್' ಎಂಬ ಮಹಾನಿರ್ವಾಹಕನಿಗೆ ಯಾವ ಅನುಮತಿಯ ನಿಯಮವೂ ತಗಲುವುದಿಲ್ಲ. 389 ಡೈರೆಕ್ಟರಿ ಸರ್ವರ್ ಎಂಬ ಇನ್ನೊಂದು ತಂತ್ರಾಂಶದ 'ಡೈರೆಕ್ಟರಿ ಮ್ಯಾನೇಜರ್' ಕೂಡ ಹಾಗೆಯೇ. ಇನ್‌ಸ್ಟಾಲ್ ಮಾಡಿದವರ ಕೈಯಲ್ಲಿ ಮೊದಲು ಇರುವುದು ಆ ಒಂದೇ ಖಾತೆ. ಅದರಿಂದಲೇ ಸೇರಿಸಿ, ಹುಡುಕಿ, ಅಳಿಸಿ ನೋಡಿ ಎಲ್ಲ ಸರಿ ಎನ್ನುತ್ತಾರೆ. ಹೋಟೆಲ್ ಮಾಲೀಕ ತನ್ನ ಹೋಟೆಲಿನಲ್ಲೇ ಕೂತು ದೋಸೆ ತರಿಸಿಕೊಂಡು ಸರ್ವೀಸ್ ಚೆನ್ನಾಗಿದೆ ಎಂದ ಹಾಗಾಯಿತು. ತಿಳಿಯಬೇಕಾದದ್ದು ಬೇರೆ: ಸಾಮಾನ್ಯ ವಿದ್ಯಾರ್ಥಿಯ ಹೆಸರಿನಲ್ಲಿ ಬೈಂಡ್ ಮಾಡಿದರೆ ಪಕ್ಕದವನ ಮೊಬೈಲ್ ಸಂಖ್ಯೆ ಕಾಣುತ್ತದೆಯೇ? ಅನಾಮಿಕನಾಗಿ ಬಂದವನಿಗೆ ಪಾಸ್‌ವರ್ಡಿನ ಹ್ಯಾಶ್ ಸಿಗುತ್ತದೆಯೇ? ತನ್ನ ಪಾಸ್‌ವರ್ಡನ್ನು ಬಳಕೆದಾರ ತಾನೇ ಬದಲಿಸಬಲ್ಲನೇ? ನಾನು ಯಾರೆಂದು ಸರ್ವರ್ ಭಾವಿಸಿದೆ ಎಂದು ಹೇಳುವ ಎಲ್‌ಡ್ಯಾಪ್‌ಹೂಆಮ್‌ಐ ಎಂಬ ಪುಟ್ಟ ಆದೇಶ ಇಲ್ಲಿ ಬಲು ಉಪಯೋಗಿ. ಬೈಂಡ್ ಆಯಿತೆಂದು ನೀವು ನಂಬಿರುವಾಗ ಅದು 'ಅನಾಮಿಕ' ಎಂದುತ್ತರಿಸಿದರೆ ಗಂಟು ಎಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ.

ಗೂಢಲಿಪಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡು ಬಲೆಗಳನ್ನು ತೋರಿಸಿದರೆ ಸಾಕು. 389ರಲ್ಲಿ ಸಾದಾ ಸಂಪರ್ಕವಾಗಿ ಶುರುವಾಗಿ ನಡುವೆ ಗೂಢಲಿಪಿಗೆ ತಿರುಗುವುದು ಒಂದು ದಾರಿ, 636ರಲ್ಲಿ ಮೊದಲಿನಿಂದಲೇ ಗೂಢಲಿಪಿ ಇನ್ನೊಂದು. ಮೊದಲನೆಯದನ್ನು ಪರೀಕ್ಷಿಸುವಾಗ ಆದೇಶದಲ್ಲಿ ಒಂದು ದೊಡ್ಡ 'ಝಡ್' ಹಾಕಿದರೆ ಗೂಢಲಿಪಿ ಸಾಧ್ಯವಾಗದಿದ್ದರೂ ಮುಂದುವರಿಯುತ್ತದೆ, ಎರಡು 'ಝಡ್' ಹಾಕಿದರೆ ಮಾತ್ರ ಅಲ್ಲೇ ನಿಲ್ಲುತ್ತದೆ. ಒಂದೇ ಅಕ್ಷರದ ಪರೀಕ್ಷೆ ಪಾಸಾದದ್ದನ್ನು ನಂಬಿ ಪಾಸ್‌ವರ್ಡುಗಳನ್ನು ಬಟಾಬಯಲಲ್ಲಿ ಹರಿಯಬಿಟ್ಟವರಿದ್ದಾರೆ. ಇನ್ನೊಂದು, ಸರ್ಟಿಫಿಕೇಟ್ ಹೊಂದಲಿಲ್ಲವೆಂದು ಪರೀಕ್ಷೆಯ ಹೊತ್ತಿಗೆ 'ಸರ್ಟಿಫಿಕೇಟ್ ನೋಡಬೇಡ' ಎಂಬ ಸಾಲನ್ನು ಸೇರಿಸಿ, ಆಮೇಲೆ ತೆಗೆಯಲು ಮರೆಯುವುದು. ತಾತ್ಕಾಲಿಕ ಎಂದುಕೊಂಡ ಆ ಸಾಲು ಸರ್ವರಿಗಿಂತ ದೀರ್ಘಾಯುಷಿ.

ಸರ್ವರಿನ ಕಡೆ ಎಲ್ಲ ಮುಗಿಯಿತೆನ್ನಿ. ಬಳಸುವ ಯಂತ್ರಗಳ ಕಡೆಯಿಂದ ನೋಡುವಾಗ ಲೆಕ್ಕ ತಲೆಕೆಳಗಾಗುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ಡೈರೆಕ್ಟರಿಗೂ ಬಳಕೆದಾರನಿಗೂ ನಡುವೆ ಎಸ್‌ಎಸ್‌ಎಸ್‌ಡಿ ಎಂಬ ಮಧ್ಯಸ್ಥ ಕೂತಿರುತ್ತಾನೆ. ಒಮ್ಮೆ ಕೇಳಿದ ಉತ್ತರವನ್ನು ತಾನಾಗಿಯೇ 5400 ಸೆಕೆಂಡ್, ಅಂದರೆ ಒಂದೂವರೆ ಗಂಟೆ, ನೆನಪಿಟ್ಟುಕೊಳ್ಳುವುದು ಅವನ ರೂಢಿ. ಸರ್ವರ್ ಕೈಗೆ ಸಿಗದಿದ್ದರೆ ಹಳೆಯ ಉತ್ತರವನ್ನೇ ಮುಂದುವರಿಸುತ್ತಾನೆ. ಆದ್ದರಿಂದ ಸರ್ವರ್ ನಿಂತಿದ್ದರೂ 'ಐಡಿ' ಆದೇಶ ಹೆಸರು, ಗುಂಪು ಎಲ್ಲ ತೋರಿಸಬಹುದು. ಸರ್ವರಿನಲ್ಲಿ ನೀವು ತಿದ್ದಿದ್ದು ಇಲ್ಲಿ ಕಾಣದೆಯೂ ಇರಬಹುದು. ಇದರ ವಿರುದ್ಧದ ಭ್ರಮೆಯೂ ಉಂಟು. 'ಗೆಟ್‌ಎಂಟ್ ಪಾಸ್‌ಡಬ್ಲ್ಯೂಡಿ' ಎಂದಷ್ಟೇ ಕೊಟ್ಟು, ಡೈರೆಕ್ಟರಿಯ ಹೆಸರುಗಳು ಪಟ್ಟಿಯಲ್ಲಿ ಬರಲಿಲ್ಲವೆಂದು ಎಲ್ಲ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಪೂರ್ತಿ ಪಟ್ಟಿ ಕೊಡದಿರುವುದೇ ಎಸ್‌ಎಸ್‌ಎಸ್‌ಡಿಯ ಮೂಲ ಸ್ವಭಾವ. ಒಬ್ಬರ ಹೆಸರು ಹಿಡಿದು ಕೇಳಿದರೆ ಸಿಗುತ್ತದೆ. ಮಧ್ಯಸ್ಥನ ನೆನಪನ್ನು ಅಳಿಸಿ ಪರೀಕ್ಷಿಸುವುದೊಂದೇ ನಂಬಬಹುದಾದ ದಾರಿ.

ಆಕ್ಟಿವ್ ಡೈರೆಕ್ಟರಿಯದು ಬೇರೆಯೇ ಲೋಕ. ಅಲ್ಲಿ ಎಲ್‌ಡ್ಯಾಪ್ ಒಂದು ಅಂಗ ಮಾತ್ರ; ಡಿಎನ್‌ಎಸ್, ಗುರುತು ಪರಿಶೀಲಿಸುವ ಕರ್ಬೆರೋಸ್, ಸಿಸ್‌ವಾಲ್ ಎಂಬ ಹಂಚಿಕೆಯ ಕಡತಕೋಶ ಎಲ್ಲ ಒಟ್ಟಿಗೆ ನಡೆಯಬೇಕು. ಯಂತ್ರಗಳು ಸರ್ವರನ್ನು ಹುಡುಕುವುದೇ ಡಿಎನ್‌ಎಸ್ ದಾಖಲೆಗಳ ಮೂಲಕ, ಹಾಗಾಗಿ ಅಲ್ಲಿನ 'ಸರ್ವರ್ ಕೆಲಸ ಮಾಡುತ್ತಿಲ್ಲ' ಎಂಬ ದೂರುಗಳಲ್ಲಿ ಬಹಳಷ್ಟು ಡಿಎನ್‌ಎಸ್ ದೂರುಗಳು. ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾದರೆ ಕರ್ಬೆರೋಸ್ ಲಾಗಿನ್ ಕೊಡುವುದಿಲ್ಲ. ಮೈಕ್ರೋಸಾಫ್ಟ್ ಕೊಟ್ಟಿರುವ ಡಿಸಿಡಯಾಗ್ ಇವೆಲ್ಲವನ್ನೂ ಒಂದೊಂದಾಗಿ ತಡವಿ ನೋಡುತ್ತದೆ. ಜೊತೆಗೇ ಬರುವ ಪರೀಕ್ಷಾ ಸಾಧನಗಳಲ್ಲಿ ಇದರಷ್ಟು ವಿಸ್ತಾರವಾದದ್ದು ಇನ್ನೊಂದಿಲ್ಲ ಎಂದೇ ಹೇಳಬೇಕು. 389 ಡೈರೆಕ್ಟರಿ ಸರ್ವರ್ ಈಗೀಗ ತನ್ನದೇ ಆರೋಗ್ಯ ತಪಾಸಣೆಯ ಆದೇಶವನ್ನು ಪಡೆದಿದೆ. ಓಪನ್‌ಎಲ್‌ಡ್ಯಾಪಿನಲ್ಲಿ ಸಂರಚನೆಯ ವ್ಯಾಕರಣ ನೋಡುವ ಸ್ಲ್ಯಾಪ್‌ಟೆಸ್ಟಿನಂಥ ಕೆಲವು ಬಿಡಿ ಸಾಧನಗಳನ್ನು ಬಿಟ್ಟರೆ ಉಳಿದದ್ದು ನಿಮ್ಮ ಜಾಣ್ಮೆಗೆ ಬಿಟ್ಟದ್ದು. ಡಿಸಿಡಯಾಗ್ ವಿಷಯದಲ್ಲಿ ಹೊಸಬರಿಗೊಂದು ಸಮಾಧಾನ: ಅದರ ಒಂದು ಪರೀಕ್ಷೆ ಹಿಂದಿನ 24 ಗಂಟೆಗಳ ಎಚ್ಚರಿಕೆಗಳನ್ನೂ ಎಣಿಸುತ್ತದೆ, ಆದ್ದರಿಂದ ಹೊಸ ಸರ್ವರ್ ಮೊದಲ ದಿನ ಆ ಒಂದರಲ್ಲಿ ಫೇಲಾದರೆ ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಸರ್ವರುಗಳು ಎರಡಿದ್ದರೆ ಪ್ರಶ್ನೆಯೂ ಎರಡಾಗುತ್ತದೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಹೋಯಿತೇ ಎಂದು ನೋಡಲು ಓಪನ್‌ಎಲ್‌ಡ್ಯಾಪಿನಲ್ಲಿ 'ಕಾಂಟೆಕ್ಸ್ಟ್ ಸಿಎಸ್‌ಎನ್' ಎಂಬ ಗುಣವನ್ನು ಎರಡೂ ಕಡೆ ಓದಿ ಹೋಲಿಸುತ್ತಾರೆ, ಆಕ್ಟಿವ್ ಡೈರೆಕ್ಟರಿಯಲ್ಲಿ ರೆಪ್‌ಅಡ್ಮಿನ್ ಇದೆ. ಸಿಎಸ್‌ಎನ್ ಎಂಬುದು ಸಮಯದ ಮುದ್ರೆಯಾದ್ದರಿಂದ ಇಲ್ಲೂ ಗಡಿಯಾರಗಳು ಸರಿಯಿರಬೇಕು. ಸೇರಿಸಿದ್ದು ಹೋಯಿತೆಂದು ನೋಡಿ ಬಿಡುವುದು ಸಾಲದು. ಅಳಿಸಿದ್ದೂ ಹೋಯಿತೇ ಎಂದು ನೋಡಬೇಕು. ಕೆಲಸ ಬಿಟ್ಟು ಹೋದ ನೌಕರನ ಖಾತೆ ಎರಡನೇ ಸರ್ವರಿನಲ್ಲಿ ಜೀವಂತ ಉಳಿದರೆ ಅದು ಬಾಗಿಲು ತೆರೆದಿಟ್ಟ ಹಾಗೆಯೇ.

ಹತ್ತು ನಮೂದುಗಳಿಂದ ಮಾಡಿದ ಪರೀಕ್ಷೆ ಮೂರು ಸಾವಿರ ವಿದ್ಯಾರ್ಥಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಂದು ಹುಡುಕಾಟಕ್ಕೆ ಓಪನ್‌ಎಲ್‌ಡ್ಯಾಪ್ ತಾನಾಗಿ ಕೊಡುವುದು 500 ನಮೂದುಗಳವರೆಗೆ, ಆಕ್ಟಿವ್ ಡೈರೆಕ್ಟರಿ 1000. ಪುಟಪುಟವಾಗಿ ಕೇಳಲು ಗೊತ್ತಿಲ್ಲದ ತಂತ್ರಾಂಶಕ್ಕೆ ಪಟ್ಟಿಯ ಕೊನೆಯವರು ಯಾರೂ ಸಿಗದೇ ಹೋಗಬಹುದು. ಓಪನ್‌ಎಲ್‌ಡ್ಯಾಪಿನ ಈಗಿನ ದತ್ತಕೋಶವಾದ ಎಂಡಿಬಿಗೆ ಗರಿಷ್ಠ ಗಾತ್ರ ಹೇಳದಿದ್ದರೆ ಅದು 10 ಎಂಬಿಗೆ ನಿಲ್ಲುತ್ತದೆ. ಮಾದರಿ ನಮೂದುಗಳು ಸಲೀಸಾಗಿ ಸೇರಿ, ನಿಜವಾದ ಪಟ್ಟಿ ತುಂಬುವ ದಿನ ನಡುವೆ ನಿಂತುಬಿಡುತ್ತದೆ. ಸೂಚಿ ಇಲ್ಲದ ಗುಣದ ಮೇಲೆ ಹುಡುಕಿದರೆ 'ನಾಟ್ ಇಂಡೆಕ್ಸ್‌ಡ್' ಎಂದು ಲಾಗ್ ದೂರುತ್ತದೆ, ಅದನ್ನು ನೋಡಿ ಸೂಚಿ ಸೇರಿಸುತ್ತಾರೆ. ಹಳೆಯ ರೀತಿಯ ಸಂರಚನಾ ಫೈಲ್ ಬಳಸುವವರು ಅದಾದ ಮೇಲೆ ಸ್ಲ್ಯಾಪ್‌ಇಂಡೆಕ್ಸ್ ಓಡಿಸಲೇಬೇಕು, ಇಲ್ಲದಿದ್ದರೆ ಇರುವ ಹೆಸರೇ ಹುಡುಕಾಟಕ್ಕೆ ಸಿಗುವುದಿಲ್ಲ. ವೇಗ ಹೆಚ್ಚಿಸಲು ಹೋಗಿ ಜನರನ್ನೇ ಕಳೆದುಕೊಳ್ಳುವ ಪರಿಸ್ಥಿತಿ.

ಕನ್ನಡದಲ್ಲಿ ಹೆಸರು ಇಡುವ ಸಂಸ್ಥೆಗಳಿಗೆ ಇನ್ನೊಂದು ಪರೀಕ್ಷೆ ಉಂಟು, ಕೈಪಿಡಿಗಳಲ್ಲಿ ಇಲ್ಲದ್ದು. ಮೂರನೇ ಆವೃತ್ತಿಯ ಎಲ್‌ಡ್ಯಾಪ್ ಎಲ್ಲ ಪಠ್ಯವನ್ನೂ ಯುನಿಕೋಡಿನ ಯುಟಿಎಫ್-8ರಲ್ಲಿ ಇಡುತ್ತದೆ, ಹಾಗಾಗಿ 'ಗೋಪಾಲ' ಎಂದು ಸೇರಿಸಲು ಅಡ್ಡಿಯಿಲ್ಲ. ಇಂಗ್ಲಿಷ್ ಹೆಸರಿನ ಪಕ್ಕದಲ್ಲೇ ಕನ್ನಡದ್ದೆಂದು ಭಾಷೆಯ ಗುರುತು ಹಚ್ಚಿ ಇಡುವ ವ್ಯವಸ್ಥೆಯೂ 1999ರಿಂದ ನಿಯಮಾವಳಿಯಲ್ಲಿದೆ. ಆದರೆ ಹುಡುಕಿದಾಗ ಪರದೆಯ ಮೇಲೆ ಬರುವುದು ಎರಡು ಕೋಲನ್ ಚಿಹ್ನೆಗಳ ಮುಂದೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು. ಕೆಟ್ಟುಹೋಯಿತೆಂದು ಹೆದರಬೇಡಿ, ಎಲ್‌ಡಿಐಎಫ್ ಎಂಬ ರೂಪದಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ಬೇಸ್64ಕ್ಕೆ ತಿರುಗಿಸಿ ತೋರಿಸುವುದು ರೂಢಿ. ಕನ್ನಡ ಹೆಸರುಗಳೆಲ್ಲ ಅಲ್ಲಿ ನಾಲ್ಕು, ಎಲ್, ಕೆ ಎಂಬ ಒಂದೇ ಮೂರಕ್ಷರದಿಂದ ಶುರುವಾಗುತ್ತವೆ, ಒಮ್ಮೆ ಕಣ್ಣಿಗೆ ಹೊಂದಿದರೆ ದೂರದಿಂದಲೇ ಗುರುತಿಸಬಹುದು. ನಿಜವಾದ ತೊಡಕು ಹೋಲಿಕೆಯಲ್ಲಿ. 'ಗೋ'ದ ಓತ್ವವನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. 'ರಾಜ್‌ಕುಮಾರ್' ಎಂಬಲ್ಲಿ ಜಕಾರದ ಮುಂದೆ ಕಾಣದ ಜೋಡಣೆ ತಡೆಯುವ ಸಂಕೇತ ಇರಬಹುದು, ಇಲ್ಲದಿರಬಹುದು. ಓತ್ವದ ರೂಪಗಳನ್ನು ಒಂದೆಂದೇ ಎಣಿಸಬೇಕು, ಕಾಣದ ಸಂಕೇತವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು 2006ರ ನಿಯಮಾವಳಿ ಹೇಳುತ್ತದೆ. ನೀವು ಇಳಿಸಿಕೊಂಡ ಸರ್ವರ್ ಹಾಗೆ ನಡೆದುಕೊಳ್ಳುತ್ತದೆಯೇ ಎಂಬುದನ್ನು ಮಾತ್ರ ಎರಡು ಬೇರೆ ಕೀಲಿಮಣೆಗಳಿಂದ ಒಂದೇ ಹೆಸರು ಟೈಪ್ ಮಾಡಿ ಹುಡುಕಿಯೇ ತಿಳಿಯಬೇಕು.

ಬ್ಯಾಕಪ್ ಪರೀಕ್ಷೆಯನ್ನು ಹೊಸ ಸರ್ವರಿನ ಪರೀಕ್ಷೆಯೊಳಗೇ ಸೇರಿಸಬೇಕೆಂಬುದು ನನ್ನ ಹಟ. ಸರ್ವರ್ ಖಾಲಿ ಇರುವಾಗ ಇದು ಅರ್ಧ ಗಂಟೆಯ ಕೆಲಸ, ತುಂಬಿದ ಮೇಲೆ ಧೈರ್ಯದ ಕೆಲಸ. ಸ್ಲ್ಯಾಪ್‌ಕ್ಯಾಟಿನಿಂದ ದತ್ತವನ್ನು ತೆಗೆದು, ಬೇರೊಂದು ಯಂತ್ರದಲ್ಲಿ ಸ್ಲ್ಯಾಪ್‌ಆಡ್‌ನಿಂದ ತುಂಬಿ ನೋಡಿ. ದತ್ತದ ಜೊತೆ ಸಂರಚನೆಯನ್ನು ಪ್ರತ್ಯೇಕವಾಗಿ ತೆಗೆಯದಿದ್ದರೆ ಅನುಮತಿಗಳೂ ಸೂಚಿಗಳೂ ಬರುವುದಿಲ್ಲ. ರೂಟ್ ಆಗಿ ತುಂಬಿದರೆ ಫೈಲುಗಳ ಒಡೆತನ ರೂಟಿನದಾಗಿ, ಸ್ಲ್ಯಾಪ್‌ಡಿ ತನ್ನದೇ ದತ್ತವನ್ನು ತೆರೆಯಲಾರದೆ ನಿಲ್ಲುತ್ತದೆ. ಈ ಎರಡನ್ನೂ ನೆಮ್ಮದಿಯ ದಿನವೇ ಕಂಡುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಪರೀಕ್ಷೆಗೆಂದು ಸೇರಿಸಿದ ನಮೂದುಗಳನ್ನು ಅಳಿಸಿ. ಓಪನ್‌ಎಲ್‌ಡ್ಯಾಪಿನ ಮಾದರಿ ಸಂರಚನೆಯಲ್ಲಿ ಮಹಾನಿರ್ವಾಹಕನ ಪಾಸ್‌ವರ್ಡ್ 'ಸೀಕ್ರೆಟ್' ಎಂದೇ ಇದೆ, ಅದನ್ನು ಹಾಗೇ ನಕಲು ಮಾಡಿದವರು ಬಹಳ. ಆ ಪಾಸ್‌ವರ್ಡಿನಿಂದ, ಬೇರೊಂದು ಯಂತ್ರದಲ್ಲಿ ಕೂತು, ನಿಮ್ಮ ಹೊಸ ಸರ್ವರಿಗೆ ಬೈಂಡ್ ಮಾಡಲು ಯತ್ನಿಸಿ. 49 ಬಂದ ಮೇಲೆ ಜನರಿಗೆ ಬಿಡಿ.